ಸಣ್ಣ ಮನೆಗೆ ಸ್ಪ್ಲಿಟ್ ಹವಾನಿಯಂತ್ರಕದ ಆಯ್ಕೆ ಮತ್ತು ಗಾತ್ರ ನಿರ್ಣಯ

ಸ್ಪ್ಲಿಟ್ ಹವಾನಿಯಂತ್ರಕ ಅಥವಾ ಸ್ಪ್ಲಿಟ್ ಎ.ಸಿ. ಎಂಬುದು ಗಾಳಿಯನ್ನು ಸಾಗಿಸುವ ಕೊಳವೆಮಾರ್ಗಗಳ ನೆರವಿಲ್ಲದೆ, ಒಂದು ಕೋಣೆಯ ಶಾಖವನ್ನೂ ತೇವಾಂಶವನ್ನೂ ಹೊರಹಾಕುವ ವಿದ್ಯುತ್ ಉಪಕರಣ. ಇದರಲ್ಲಿ ಗೋಡೆಯ ಮೇಲಿನ ಒಳಘಟಕ ಮತ್ತು ಮನೆಯ ಹೊರಗಿನ ಹೊರಘಟಕ ಎಂಬ ಎರಡು ಭಾಗಗಳಿದ್ದು, ತೆಳುವಾದ ತಾಮ್ರದ ಕೊಳವೆಗಳು ಅವನ್ನು ಜೋಡಿಸುತ್ತವೆ. ತಂಪು ಮತ್ತು ಬಿಸಿ ಎರಡನ್ನೂ ನೀಡಬಲ್ಲ ಮಾದರಿಯನ್ನು ನಾಳರಹಿತ ಶಾಖ ಪಂಪು ಎನ್ನುತ್ತಾರೆ. ಅಮೆರಿಕದಲ್ಲಿ ಇದಕ್ಕೆ ಮಿನಿ ಸ್ಪ್ಲಿಟ್ ಎಂಬ ಹೆಸರಿದೆ. ಭಾರತದ ಮಾರುಕಟ್ಟೆಯಲ್ಲಿ ಇದನ್ನು ‘ಹಾಟ್ ಅಂಡ್ ಕೋಲ್ಡ್’ ಎ.ಸಿ. ಎಂದು ಮಾರಲಾಗುತ್ತದೆ.

ಉಪಕರಣದ ಗಾತ್ರವನ್ನು ಕೋಣೆಯ ವಿಸ್ತೀರ್ಣವೊಂದರಿಂದಲೇ ನಿರ್ಧರಿಸುವುದು ವಾಡಿಕೆ. ಆದರೆ ಕರಾವಳಿ ಕರ್ನಾಟಕದಂತಹ ತೇವಭರಿತ ಪ್ರದೇಶದಲ್ಲಿ ವಿಸ್ತೀರ್ಣಕ್ಕಿಂತ ಚಾವಣಿ, ಬಿಸಿಲು ಮತ್ತು ಒಳನುಗ್ಗುವ ಹೊರಗಾಳಿ ಹೆಚ್ಚು ಮುಖ್ಯ. ಅಗತ್ಯಕ್ಕಿಂತ ದೊಡ್ಡ ಉಪಕರಣವು ಕೋಣೆಯನ್ನು ಬೇಗ ತಣ್ಣಗಾಗಿಸುತ್ತದೆಯಾದರೂ ತೇವವನ್ನು ಉಳಿಸುತ್ತದೆ. ಈ ಲೇಖನವು ಉಡುಪಿ ಜಿಲ್ಲೆಯ ಬೈಂದೂರು ತಾಲ್ಲೂಕಿನ ಕಿರಿಮಂಜೇಶ್ವರ ಮತ್ತು ಸುತ್ತಲಿನ ಕುಂದಾಪುರ, ಬ್ರಹ್ಮಾವರ ಪ್ರದೇಶಗಳ ಹವಾಗುಣವನ್ನು ಆಧಾರವಾಗಿಟ್ಟುಕೊಂಡು ಈ ವಿಷಯವನ್ನು ವಿವರಿಸುತ್ತದೆ.

ಕಾರ್ಯವಿಧಾನ

ಹವಾನಿಯಂತ್ರಕವು ತಂಪನ್ನು ಉತ್ಪಾದಿಸುವುದಿಲ್ಲ. ಶಾಖವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುತ್ತದೆ. ಹೂಜಿಯ ಮೈಯಿಂದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಹೀರಿಕೊಳ್ಳುವಂತೆ, ಒಳಘಟಕದ ಸುರುಳಿಯಲ್ಲಿ ಶೀತಕ ದ್ರವವು ಆವಿಯಾಗಿ ಕೋಣೆಯ ಶಾಖವನ್ನು ಹೀರುತ್ತದೆ. ಹೊರಘಟಕದ ಕಂಪ್ರೆಸರ್ ಆ ಆವಿಯನ್ನು ಒತ್ತಿ ಬಿಸಿಯಾಗಿಸುತ್ತದೆ. ಬಿಸಿಯಾದ ಆವಿಯು ಹೊರಗಿನ ಸುರುಳಿಯಲ್ಲಿ ಶಾಖವನ್ನು ಬಿಟ್ಟುಕೊಟ್ಟು ಪುನಃ ದ್ರವವಾಗುತ್ತದೆ. ಹೂಜಿಯ ನೀರು ಆರಿಹೋಗುತ್ತದೆ. ಶೀತಕವು ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಲೇ ಇರುತ್ತದೆ.

ಶಾಖ ಪಂಪಿನ ಮಾದರಿಯಲ್ಲಿ ಶೀತಕದ ಹರಿವಿನ ದಿಕ್ಕನ್ನು ಬದಲಿಸುವ ಕವಾಟವೊಂದು ಇರುತ್ತದೆ. ಚಳಿಗಾಲದಲ್ಲಿ ಇದು ಹೊರಗಾಳಿಯ ಶಾಖವನ್ನು ಒಳಗೆ ತರುತ್ತದೆ. ಒಂದು ಯೂನಿಟ್ ವಿದ್ಯುತ್ತಿಗೆ ಹಲವು ಯೂನಿಟ್‌ಗಳಷ್ಟು ಶಾಖವನ್ನು ಸಾಗಿಸಬಹುದಾದ್ದರಿಂದ ಇದು ತಂತಿಸುರುಳಿಯ ಹೀಟರ್‌ಗಿಂತ ಮಿತವ್ಯಯಿ.

ಒಳಘಟಕದ ಸುರುಳಿಯು ಗಾಳಿಯ ಇಬ್ಬನಿ ಬಿಂದುವಿಗಿಂತ ತಣ್ಣಗಿರುವುದರಿಂದ, ತಣ್ಣೀರಿನ ಲೋಟದ ಹೊರಮೈಯಲ್ಲಿ ಹನಿಗೂಡುವಂತೆ ಅದರ ಮೇಲೆ ಗಾಳಿಯ ತೇವ ನೀರಾಗಿ ಇಳಿಯುತ್ತದೆ. ಹೊರಗೆ ತೊಟ್ಟಿಕ್ಕುವ ನೀರು ಇದೇ. ಆವಿಯು ನೀರಾಗುವಾಗ ಬಿಡುವ ಗುಪ್ತೋಷ್ಣವನ್ನೂ ಯಂತ್ರವೇ ಹೊರಸಾಗಿಸಬೇಕು. ಆದ್ದರಿಂದ ಯಂತ್ರದ ಶಕ್ತಿಯ ಒಂದು ಪಾಲು ಉಷ್ಣತೆಯನ್ನು ಇಳಿಸುವುದಕ್ಕೂ ಇನ್ನೊಂದು ಪಾಲು ತೇವವನ್ನು ತೆಗೆಯುವುದಕ್ಕೂ ವಿನಿಯೋಗವಾಗುತ್ತದೆ.

ಇತಿಹಾಸ

ಶಾಖ ಪಂಪಿನ ತತ್ತ್ವವನ್ನು ವಿಲಿಯಂ ಥಾಮ್ಸನ್ (ಲಾರ್ಡ್ ಕೆಲ್ವಿನ್) 1852ರಲ್ಲಿ ಮಂಡಿಸಿದನು. ಆಧುನಿಕ ಹವಾನಿಯಂತ್ರಣವು ಹುಟ್ಟಿದ್ದು ಸೆಕೆಯನ್ನು ನೀಗಲು ಅಲ್ಲ, ತೇವವನ್ನು ತಡೆಯಲು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಮುದ್ರಣಾಲಯವೊಂದರಲ್ಲಿ ತೇವದಿಂದ ಕಾಗದ ಹಿಗ್ಗಿ ಬಣ್ಣಗಳು ಸರಿಯಾಗಿ ಕೂಡುತ್ತಿರಲಿಲ್ಲ. ಅದರ ಪರಿಹಾರಕ್ಕಾಗಿ ವಿಲ್ಲಿಸ್ ಕ್ಯಾರಿಯರ್ 1902ರಲ್ಲಿ ತನ್ನ ವ್ಯವಸ್ಥೆಯನ್ನು ರೂಪಿಸಿದನು. ಒಳಘಟಕ ಮತ್ತು ಹೊರಘಟಕಗಳನ್ನು ಬೇರ್ಪಡಿಸಿದ ಗೃಹೋಪಯೋಗಿ ಮಾದರಿ 1960ರ ದಶಕದಿಂದ ಜಪಾನಿನಲ್ಲಿ ಬೆಳೆಯಿತು. ಕಂಪ್ರೆಸರಿನ ವೇಗವನ್ನು ಅಗತ್ಯಕ್ಕೆ ತಕ್ಕಂತೆ ಬದಲಿಸುವ ಇನ್ವರ್ಟರ್ ತಂತ್ರಜ್ಞಾನವು 1980ರ ದಶಕದ ಆರಂಭದಲ್ಲಿ ಜಪಾನಿನ ತೊಷಿಬಾ ಸಂಸ್ಥೆಯ ಮೂಲಕ ಮನೆಬಳಕೆಗೆ ಬಂದಿತು.

ಕರಾವಳಿಯ ಹವಾಗುಣ

ಕಿರಿಮಂಜೇಶ್ವರವು ರಾಷ್ಟ್ರೀಯ ಹೆದ್ದಾರಿ 66ರ ಮೇಲಿದೆ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ಪಶ್ಚಿಮ ಘಟ್ಟಗಳಿವೆ. ಭಾರತದ ಕಟ್ಟಡ ಸಂಹಿತೆಗಳು ದೇಶವನ್ನು ಐದು ಹವಾಗುಣ ವಲಯಗಳಾಗಿ ವಿಂಗಡಿಸಿದ್ದು, ಕರಾವಳಿಯು ‘ಬೆಚ್ಚಗಿನ ಮತ್ತು ತೇವಭರಿತ’ ವಲಯಕ್ಕೂ ಬೆಂಗಳೂರು ‘ಸಮಶೀತೋಷ್ಣ’ ವಲಯಕ್ಕೂ ಸೇರುತ್ತವೆ.

ಕರಾವಳಿಯಲ್ಲಿ ಮಾರ್ಚ್‌ನಿಂದ ಮೇ ವರೆಗೆ ಹಗಲಿನ ಉಷ್ಣತೆ ಸಾಮಾನ್ಯವಾಗಿ 33ರಿಂದ 35 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಕಲಬುರಗಿ, ರಾಯಚೂರುಗಳ 40 ಡಿಗ್ರಿಗಿಂತ ಇದು ಕಡಿಮೆ. ಆದರೆ ಗಾಳಿಯಲ್ಲಿ ತೇವ ಹೆಚ್ಚಿರುವುದರಿಂದ ಬೆವರು ಆರುವುದಿಲ್ಲ. ರಾತ್ರಿಯೂ ಸೆಕೆ ಇಳಿಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಉಷ್ಣತೆ 30 ಡಿಗ್ರಿಗಿಂತ ಕೆಳಗಿದ್ದರೂ ಸಾಪೇಕ್ಷ ಆರ್ದ್ರತೆ ಹಲವು ದಿನ ಶೇಕಡ 90ನ್ನು ಮೀರುತ್ತದೆ. ಬಟ್ಟೆ, ಪುಸ್ತಕ, ಚರ್ಮದ ವಸ್ತುಗಳಿಗೆ ಬೂಸ್ಟು ಹಿಡಿಯುವುದು ಈ ಅವಧಿಯಲ್ಲಿ.

ನೀರನ್ನು ಆವಿಯಾಗಿಸಿ ಗಾಳಿಯನ್ನು ತಂಪಾಗಿಸುವ ‘ಕೂಲರ್’ಗಳು ಉತ್ತರ ಕರ್ನಾಟಕದ ಒಣಹವೆಯಲ್ಲಿ ಪರಿಣಾಮಕಾರಿ. ಕರಾವಳಿಯಲ್ಲಿ ಅವು ಇರುವ ತೇವಕ್ಕೆ ಇನ್ನಷ್ಟು ತೇವ ಸೇರಿಸುವುದರಿಂದ ನಿರುಪಯುಕ್ತ.

ಗಾತ್ರದ ಅಳತೆ

ಹವಾನಿಯಂತ್ರಕದ ಗಾತ್ರವನ್ನು ‘ಟನ್’ಗಳಲ್ಲಿ ಹೇಳುತ್ತಾರೆ. ಇದು ಯಂತ್ರದ ತೂಕವಲ್ಲ. ಅಮೆರಿಕದ ಒಂದು ಟನ್ (ಸುಮಾರು 907 ಕಿಲೋಗ್ರಾಂ) ಮಂಜುಗಡ್ಡೆಯು 24 ಗಂಟೆಗಳಲ್ಲಿ ಕರಗುವಾಗ ಹೀರಿಕೊಳ್ಳುವ ಶಾಖದ ದರವೇ ಒಂದು ಟನ್. ಇದು ಗಂಟೆಗೆ 12,000 ಬಿ.ಟಿ.ಯು. ಅಥವಾ ಸುಮಾರು 3.5 ಕಿಲೋವ್ಯಾಟ್‌ಗೆ ಸಮ. ಈ 3.5 ಕಿಲೋವ್ಯಾಟ್ ಹೊರಹಾಕುವ ಶಾಖದ ಪ್ರಮಾಣವೇ ಹೊರತು ಬಳಸುವ ವಿದ್ಯುತ್ತಲ್ಲ. ಮಾರುಕಟ್ಟೆಯಲ್ಲಿ 0.8, 1, 1.5 ಮತ್ತು 2 ಟನ್ ಗಾತ್ರಗಳು ಸಾಮಾನ್ಯ.

ಘೋಷಿತ ಸಾಮರ್ಥ್ಯವನ್ನು ಅಳೆಯುವುದು ಪ್ರಯೋಗಾಲಯದಲ್ಲಿ. ಆಗ ಹೊರಗೆ 35 ಡಿಗ್ರಿ, ಒಳಗೆ 27 ಡಿಗ್ರಿ ಉಷ್ಣತೆ ಮತ್ತು ಒಳಗಾಳಿಯಲ್ಲಿ ಸುಮಾರು ಶೇಕಡ 47ರಷ್ಟು ಆರ್ದ್ರತೆ ಇರುತ್ತದೆ. ಕರಾವಳಿಯ ಮನೆಗಳ ಒಳಗಾಳಿ ಇದಕ್ಕಿಂತ ಬಹಳ ತೇವವಾಗಿರುವುದರಿಂದ, ಅಲ್ಲಿ ಸಾಮರ್ಥ್ಯದ ಹೆಚ್ಚಿನ ಪಾಲು ತೇವ ತೆಗೆಯುವುದಕ್ಕೆ ವ್ಯಯವಾಗುತ್ತದೆ.

ಶಾಖಭಾರದ ಲೆಕ್ಕ

ಕೋಣೆಯೊಳಗೆ ಸೇರುವ ಒಟ್ಟು ಶಾಖವನ್ನು ಶಾಖಭಾರ ಎನ್ನುತ್ತಾರೆ. ‘120 ಚದರ ಅಡಿವರೆಗೆ 1 ಟನ್, 180ರವರೆಗೆ 1.5 ಟನ್’ ಎಂಬ ಅಂಗಡಿಯ ಸೂತ್ರವು ಈ ಭಾರದ ಮೂಲಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಉದಾಹರಣೆಗೆ, 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಮಲಗುವ ಕೋಣೆಯನ್ನು ತೆಗೆದುಕೊಳ್ಳಬಹುದು. ಅದರ ಒಂದು ಗೋಡೆ ಪಶ್ಚಿಮಕ್ಕಿದೆ, ಗೋಡೆಗಳು ಗಿಲಾವು ಮಾಡಿದ ಕೆಂಪುಕಲ್ಲಿನವು (ಮುರಕಲ್ಲು), ಕಿಟಕಿಗೆ ನೆರಳಿದೆ, ಮೇಲೆ ಇನ್ನೊಂದು ಅಂತಸ್ತು ಇದೆ. ಹೊರಗೆ 33 ಡಿಗ್ರಿ ಮತ್ತು ಶೇಕಡ 65 ಆರ್ದ್ರತೆ, ಒಳಗೆ 26 ಡಿಗ್ರಿ ಮತ್ತು ಶೇಕಡ 55 ಆರ್ದ್ರತೆ ಎಂದು ಭಾವಿಸಿದರೆ ಶಾಖಭಾರದ ಅಂದಾಜು ಹೀಗಿರುತ್ತದೆ:

- ಪಶ್ಚಿಮದ ಹೊರಗೋಡೆ: 200 ವ್ಯಾಟ್
- ಉಳಿದ ಗೋಡೆಗಳು: 160 ವ್ಯಾಟ್
- ನೆರಳಿರುವ ಕಿಟಕಿ: 210 ವ್ಯಾಟ್
- ಇಬ್ಬರು ವ್ಯಕ್ತಿಗಳು: 220 ವ್ಯಾಟ್
- ದೀಪ ಮತ್ತು ಫ್ಯಾನು: 60 ವ್ಯಾಟ್
- ಗಂಟೆಗೊಮ್ಮೆ ಬದಲಾಗುವ ಹೊರಗಾಳಿಯ ಬಿಸಿ: 80 ವ್ಯಾಟ್
- ಅದೇ ಹೊರಗಾಳಿಯ ತೇವ: 230 ವ್ಯಾಟ್

ಒಟ್ಟು 1,160 ವ್ಯಾಟ್, ಅಂದರೆ ಒಂದು ಟನ್ನಿನ ಮೂರನೇ ಒಂದು ಭಾಗ. ಇದೇ ಕೋಣೆಯ ಮೇಲೆ ಬಿಸಿಲಿಗೆ ತೆರೆದ ಕಾಂಕ್ರೀಟ್ ತಾರಸಿ ಇದ್ದರೆ ಸುಮಾರು 650 ವ್ಯಾಟ್ ಸೇರಿ 1,810 ಆಗುತ್ತದೆ. ಪಶ್ಚಿಮದ ಕಿಟಕಿಗೆ ನೆರಳಿಲ್ಲದಿದ್ದರೆ ಇನ್ನೂ 400 ವ್ಯಾಟ್ ಸೇರಿ 2,210 ಆಗುತ್ತದೆ. ಬಾಗಿಲು, ಕಿಟಕಿಗಳ ಸಂದುಗಳಿಂದ ಎರಡರಷ್ಟು ಗಾಳಿ ನುಗ್ಗಿದರೆ ಮೊತ್ತವು 2,520 ವ್ಯಾಟ್‌ಗೆ ಏರುತ್ತದೆ. ವಿಸ್ತೀರ್ಣ ಒಂದೇ ಆಗಿದ್ದರೂ ಶಾಖಭಾರವು ಎರಡು ಪಟ್ಟಿಗಿಂತ ಹೆಚ್ಚು ಬದಲಾಗಿರುವುದನ್ನು ಗಮನಿಸಬಹುದು.

ಈ ಲೆಕ್ಕದಿಂದ ಎರಡು ಸಂಗತಿಗಳು ತಿಳಿದುಬರುತ್ತವೆ. ಮೊದಲನೆಯದು, ಕರಾವಳಿಯಲ್ಲಿ ಒಳನುಗ್ಗುವ ಹೊರಗಾಳಿಯ ತೇವವು ಅದರ ಬಿಸಿಗಿಂತ ಸುಮಾರು ಮೂರು ಪಟ್ಟು ಹೊರೆಯಾಗುತ್ತದೆ. ಗಂಟೆಗೊಮ್ಮೆ ಗಾಳಿ ಬದಲಾಗುವ ಈ ಕೋಣೆಯಿಂದ ಗಂಟೆಗೆ ಮೂರನೇ ಒಂದು ಲೀಟರ್‌ನಷ್ಟು ನೀರನ್ನು ಯಂತ್ರವು ಹಿಂಡಿ ತೆಗೆಯಬೇಕು. ಎರಡನೆಯದು, ಅತ್ಯಂತ ಪ್ರತಿಕೂಲ ಸ್ಥಿತಿಯಲ್ಲಿಯೂ ಇಂತಹ ಕೋಣೆಗೆ 1 ಟನ್ ಸಾಕು. ನೆರಳಿರುವ ಕೆಳ ಅಂತಸ್ತಿನ ಕೋಣೆಗೆ 0.8 ಟನ್ ಕೂಡ ಧಾರಾಳ. 1.5 ಟನ್ ಅನಗತ್ಯ.

ದೊಡ್ಡ ಗಾತ್ರದ ದೋಷಗಳು

‘ಸ್ವಲ್ಪ ದೊಡ್ಡದೇ ಇರಲಿ’ ಎಂಬ ಎಚ್ಚರಿಕೆಯು ಕೊಡ, ಪಾತ್ರೆಗಳಿಗೆ ಸಲ್ಲುವಂತೆ ಹವಾನಿಯಂತ್ರಕಕ್ಕೆ ಸಲ್ಲುವುದಿಲ್ಲ. ತೇವವು ಸುರುಳಿಯ ಮೇಲೆ ನೀರಾಗಿ ಕೂಡಿ, ಹನಿಯಾಗಿ ಹರಿದು ಹೊರಹೋಗಲು ಯಂತ್ರವು ನಿರಂತರ ಓಡಬೇಕು. ಸ್ಥಿರ ವೇಗದ ದೊಡ್ಡ ಯಂತ್ರವು ಕೆಲವೇ ನಿಮಿಷಗಳಲ್ಲಿ ನಿಗದಿತ ಉಷ್ಣತೆಯನ್ನು ತಲುಪಿ ಕಂಪ್ರೆಸರನ್ನು ನಿಲ್ಲಿಸುತ್ತದೆ. ಆಗ ಸುರುಳಿಯ ಮೇಲೆ ಉಳಿದ ನೀರನ್ನು ಒಳಘಟಕದ ಫ್ಯಾನು ಪುನಃ ಕೋಣೆಗೆ ಬೀಸುತ್ತದೆ. ಕೋಣೆ ತಣ್ಣಗಿದ್ದರೂ ಜಿಗುಟಾಗಿರುತ್ತದೆ. ನಿವಾಸಿಗಳು ಉಷ್ಣತೆಯನ್ನು 20, 18 ಎಂದು ಇಳಿಸುತ್ತಾ ಹೋಗುತ್ತಾರೆ. ವಿದ್ಯುತ್ ಬಿಲ್ಲು ಏರುತ್ತದೆ.

ಬೇಸಿಗೆಯಲ್ಲಿ ಹೊರಗಾಳಿಯ ಇಬ್ಬನಿ ಬಿಂದು 25 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಕೋಣೆಯನ್ನು 18 ಡಿಗ್ರಿಗೆ ಇಳಿಸಿದಾಗ ಕಿಟಕಿಯ ಗಾಜಿನ ಹೊರಮೈಯಲ್ಲಿ, ಬಾಗಿಲ ಸಂದಿಯಲ್ಲಿ, ಪಕ್ಕದ ಕೋಣೆಗೆ ತಾಗಿದ ಗೋಡೆಯಲ್ಲಿ ನೀರು ಹನಿಗೂಡುತ್ತದೆ. ಇದು ನಿತ್ಯ ನಡೆದರೆ ಗೋಡೆಗೂ ಕಪಾಟಿನ ಹಿಂಬದಿಗೂ ಬೂಸ್ಟು ಹಿಡಿಯುತ್ತದೆ. ಬೂಸ್ಟಿನ ಕಣಗಳು ಅಸ್ತಮಾ ಮತ್ತು ಅಲರ್ಜಿ ಇರುವವರಿಗೆ ತೊಂದರೆ ನೀಡುತ್ತವೆ. ಸೆಕೆಯ ಉಪಶಮನಕ್ಕೆಂದು ತಂದ ಯಂತ್ರವೇ ಹೀಗೆ ಆರೋಗ್ಯಕ್ಕೆ ತೊಡಕಾಗಬಲ್ಲದು.

ಇನ್ವರ್ಟರ್ ಮಾದರಿಯು ವೇಗವನ್ನು ತಗ್ಗಿಸಿ ಓಡುತ್ತಲೇ ಇರುವುದರಿಂದ ಈ ದೋಷ ಕಡಿಮೆ. ಆದರೆ ಅದಕ್ಕೂ ಕನಿಷ್ಠ ಮಿತಿಯಿದೆ. ಮಳೆಗಾಲದ ರಾತ್ರಿ ಕೋಣೆಯ ಶಾಖಭಾರ ಅರ್ಧ ಕಿಲೋವ್ಯಾಟ್‌ಗೆ ಇಳಿದಾಗ, 1 ಕಿಲೋವ್ಯಾಟ್‌ಗಿಂತ ಕೆಳಗಿಳಿಯದ ಯಂತ್ರವು ನಿಂತು ನಿಂತು ಓಡಲೇಬೇಕು. ಆದ್ದರಿಂದ ಕೊಳ್ಳುವಾಗ ಗರಿಷ್ಠ ಸಾಮರ್ಥ್ಯದ ಜೊತೆಗೆ ಕನಿಷ್ಠ ಸಾಮರ್ಥ್ಯವನ್ನೂ ವಿವರಪಟ್ಟಿಯಲ್ಲಿ ನೋಡುವುದು ಅಗತ್ಯ.

ಮನೆಯ ರಚನೆ

ಹಂಚಿನ ಮನೆ: ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ನಂತರ ಮಂಗಳೂರು ಹಂಚು ಕರಾವಳಿಯ ಮನೆಗಳ ಗುರುತಾಯಿತು. ಹಂಚಿನ ಸಂದುಗಳಿಂದ ಗಾಳಿಯಾಡುವುದೇ ಇಂತಹ ಮನೆಯ ತಂಪಿನ ಗುಟ್ಟು. ಅದೇ ಗುಣವು ಹವಾನಿಯಂತ್ರಕಕ್ಕೆ ಪ್ರತಿಕೂಲ. ಮೇಲಿನ ಉದಾಹರಣೆಯ ಕೋಣೆಯಲ್ಲಿ ಗಂಟೆಗೆ ಐದು ಬಾರಿ ಗಾಳಿ ಬದಲಾದರೆ ತೇವದ ಹೊರೆಯೊಂದೇ 1,100 ವ್ಯಾಟ್ ಮೀರುತ್ತದೆ. ಮಾಡಿಗೆ ಸಂದಿಲ್ಲದ ಒಳಚಾವಣಿಯನ್ನು ಅಳವಡಿಸದೆ ಹಂಚಿನ ಮನೆಗೆ ಎ.ಸಿ. ಹಾಕುವುದು ನಿರರ್ಥಕ.

ತಾರಸಿ ಮನೆ: ಕಾಂಕ್ರೀಟ್ ತಾರಸಿಯು ಹಗಲೆಲ್ಲ ಹೀರಿದ ಶಾಖವನ್ನು ರಾತ್ರಿ ಕೋಣೆಗೆ ಬಿಡುತ್ತದೆ. ಮಳೆ ಸೋರದಿರಲೆಂದು ಕರಾವಳಿಯಲ್ಲಿ ತಾರಸಿಯ ಮೇಲೆ ಹಾಕುವ ತಗಡಿನ ಮಾಡು, ಕೆಳಗೆ ಗಾಳಿಯಾಡುವಂತಿದ್ದರೆ, ಈ ಶಾಖವನ್ನು ಬಹುಮಟ್ಟಿಗೆ ತಡೆಯುತ್ತದೆ. ಬಿಳಿಯ ಪ್ರತಿಫಲಕ ಬಣ್ಣವೂ ಉಪಯುಕ್ತ. ಇಂತಹ ಕ್ರಮಗಳನ್ನು ಮೊದಲು ಕೈಗೊಂಡು, ನಂತರ ಶಾಖಭಾರವನ್ನು ಲೆಕ್ಕಹಾಕಿ ಯಂತ್ರ ಕೊಳ್ಳುವುದು ಸರಿಯಾದ ಕ್ರಮ.

ವಸತಿ ಕಟ್ಟಡಗಳಿಗಾಗಿ 2018ರಲ್ಲಿ ಪ್ರಕಟವಾದ ‘ಇಕೋ ನಿವಾಸ್ ಸಂಹಿತಾ’ ಎಂಬ ರಾಷ್ಟ್ರೀಯ ಸಂಹಿತೆಯು ತೇವಭರಿತ ವಲಯದಲ್ಲಿ ತೆರೆಯಬಹುದಾದ ಕಿಟಕಿ, ಬಾಗಿಲುಗಳ ವಿಸ್ತೀರ್ಣವು ನೆಲದ ವಿಸ್ತೀರ್ಣದ ಕನಿಷ್ಠ ಆರನೇ ಒಂದು ಭಾಗ ಇರಬೇಕೆನ್ನುತ್ತದೆ. ಯಂತ್ರ ಓಡದ ಸಮಯದಲ್ಲಿ ಗಾಳಿಯಾಡಲು ಇದು ಅವಶ್ಯ. ಓಡುವಾಗ ಅವು ಬಿಗಿಯಾಗಿ ಮುಚ್ಚಬೇಕು.

ಬಿಸಿಗಾಳಿಯ ಅಗತ್ಯ

ಕರಾವಳಿಯಲ್ಲಿ ಡಿಸೆಂಬರ್, ಜನವರಿಯ ಮುಂಜಾವದಲ್ಲಿಯೂ ಉಷ್ಣತೆ ಸಾಮಾನ್ಯವಾಗಿ 20 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಆದ್ದರಿಂದ ಕಿರಿಮಂಜೇಶ್ವರದಂತಹ ಊರಿನಲ್ಲಿ ಬಿಸಿಗಾಳಿಯ ಸೌಲಭ್ಯಕ್ಕೆ ಹೆಚ್ಚು ಬೆಲೆ ತೆರಬೇಕಾಗಿಲ್ಲ. ಕೊಡಗು, ಚಿಕ್ಕಮಗಳೂರಿನ ಎತ್ತರದ ಊರುಗಳಲ್ಲಿ ಕೆಲವು ವಾರಗಳ ಮಟ್ಟಿಗೆ ಇದು ಉಪಯೋಗವಾಗಬಹುದು.

ಕನ್ನಡಿಗ ಕುಟುಂಬಗಳು ನೆಲೆಸಿರುವ ಅಮೆರಿಕದ ಉತ್ತರ ರಾಜ್ಯಗಳು, ಕೆನಡಾ ಮುಂತಾದ ಶೀತಪ್ರದೇಶಗಳಲ್ಲಿ ಸನ್ನಿವೇಶ ಬೇರೆ. ಅಲ್ಲಿ ಚಳಿಗಾಲದಲ್ಲಿ ಮನೆಯಿಂದ ಸೋರಿಹೋಗುವ ಶಾಖವನ್ನು ಲೆಕ್ಕಹಾಕಿ ಶಾಖ ಪಂಪಿನ ಗಾತ್ರವನ್ನು ನಿರ್ಧರಿಸಲಾಗುತ್ತದೆ. ಅಮೆರಿಕದಲ್ಲಿ ಈ ಲೆಕ್ಕಕ್ಕೆ ‘ಮ್ಯಾನುಯಲ್ ಜೆ’ ಎಂಬ ವಿಧಾನವಿದೆ. ಹೊರಗಿನ ಚಳಿ ಹೆಚ್ಚಿದಂತೆ ಶಾಖ ಪಂಪಿನ ಸಾಮರ್ಥ್ಯ ಕುಗ್ಗುವುದರಿಂದ, ಶೂನ್ಯಕ್ಕಿಂತ ಕೆಳಗಿನ ಉಷ್ಣತೆಯಲ್ಲಿ ಅದು ನೀಡುವ ಶಾಖವನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕಾಗುತ್ತದೆ.

ದಕ್ಷತೆ ಮತ್ತು ವಿದ್ಯುತ್ ವೆಚ್ಚ

ಇಂಧನ ಸಂರಕ್ಷಣಾ ಕಾಯ್ದೆ, 2001ರ ಅನ್ವಯ 2002ರಲ್ಲಿ ಸ್ಥಾಪನೆಯಾದ ಇಂಧನ ದಕ್ಷತಾ ಬ್ಯೂರೋ (ಬಿ.ಇ.ಇ.) 2006ರಲ್ಲಿ ನಕ್ಷತ್ರ ಗುರುತಿನ ಯೋಜನೆಯನ್ನು ಆರಂಭಿಸಿತು. ಕೋಣೆಯ ಹವಾನಿಯಂತ್ರಕಗಳಿಗೆ 2010ರಿಂದ ಈ ಗುರುತು ಕಡ್ಡಾಯ. 2018ರಿಂದ ಎಲ್ಲ ಮಾದರಿಗಳ ಶ್ರೇಣಿಯನ್ನು ಐ.ಎಸ್.ಇ.ಇ.ಆರ್. ಎಂಬ ಋತುಮಾನ ದಕ್ಷತಾ ಸೂಚ್ಯಂಕದ ಮೇಲೆ ನಿರ್ಧರಿಸಲಾಗುತ್ತಿದೆ. ವರ್ಷಕ್ಕೆ 1,600 ಗಂಟೆಗಳ ಬಳಕೆಯಲ್ಲಿ ಹೊರಹಾಕಿದ ಒಟ್ಟು ಶಾಖವನ್ನು ಬಳಸಿದ ಒಟ್ಟು ವಿದ್ಯುತ್ತಿನಿಂದ ಭಾಗಿಸಿದರೆ ಈ ಸೂಚ್ಯಂಕ ದೊರೆಯುತ್ತದೆ. ಶ್ರೇಣಿಯ ಮಿತಿಗಳನ್ನು ಕಾಲಕಾಲಕ್ಕೆ ಬಿಗಿಗೊಳಿಸುವುದರಿಂದ ಹಳೆಯ ಐದು ನಕ್ಷತ್ರ ಹೊಸದಕ್ಕೆ ಸಮವಲ್ಲ. ನಕ್ಷತ್ರಗಳಿಗಿಂತ ಸೂಚ್ಯಂಕದ ಸಂಖ್ಯೆಯನ್ನು ಹೋಲಿಸುವುದು ಸೂಕ್ತ.

ಕೋಣೆಯೊಂದರಿಂದ ರಾತ್ರಿ 8 ಗಂಟೆಗಳ ಕಾಲ ಸರಾಸರಿ 1.5 ಕಿಲೋವ್ಯಾಟ್ ಶಾಖವನ್ನು ತೆಗೆಯಬೇಕಿದೆ ಎಂದುಕೊಂಡರೆ, ಒಟ್ಟು ಶಾಖ 12 ಯೂನಿಟ್. ಸೂಚ್ಯಂಕ 5 ಇರುವ ಯಂತ್ರಕ್ಕೆ 2.4 ಯೂನಿಟ್, 3.8 ಇರುವ ಯಂತ್ರಕ್ಕೆ ಸುಮಾರು 3.2 ಯೂನಿಟ್ ವಿದ್ಯುತ್ ಬೇಕಾಗುತ್ತದೆ. ತಿಂಗಳಿಗೆ ಇದು ಕ್ರಮವಾಗಿ 72 ಮತ್ತು 95 ಯೂನಿಟ್.

ಕರ್ನಾಟಕ ಸರ್ಕಾರ 2023ರಲ್ಲಿ ಜಾರಿಗೊಳಿಸಿದ ಗೃಹಜ್ಯೋತಿ ಯೋಜನೆಯ ದೃಷ್ಟಿಯಿಂದ ಈ ವ್ಯತ್ಯಾಸ ಗಣನೀಯ. ಯೋಜನೆಯಡಿ ಮನೆಯ ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ ಉಚಿತ ಮಿತಿ ನಿಗದಿಯಾಗುತ್ತದೆ. ಅದನ್ನು ಮೀರಿದ ಯೂನಿಟ್‌ಗಳಿಗೆ ಶುಲ್ಕವಿದ್ದು, ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ಣ ಬಿಲ್ಲನ್ನು ಪಾವತಿಸಬೇಕು. ತಿಂಗಳಿಗೆ 110 ಯೂನಿಟ್ ಬಳಸುವ ಮನೆಯು ಮೊದಲ ಯಂತ್ರದಿಂದ 182 ಯೂನಿಟ್‌ಗೆ ತಲುಪಿದರೆ, ಎರಡನೆಯದರಿಂದ 205ಕ್ಕೆ ತಲುಪಿ ಆ ತಿಂಗಳ ಸೌಲಭ್ಯವನ್ನೇ ಕಳೆದುಕೊಳ್ಳುತ್ತದೆ.

2020ರ ಜನವರಿಯಿಂದ ನಕ್ಷತ್ರ ಗುರುತಿನ ಹವಾನಿಯಂತ್ರಕಗಳಲ್ಲಿ 24 ಡಿಗ್ರಿಯನ್ನು ಆರಂಭಿಕ ಉಷ್ಣತೆಯಾಗಿ ಇರಿಸುವುದು ಕಡ್ಡಾಯವಾಗಿದೆ. ಒಂದು ಡಿಗ್ರಿ ಹೆಚ್ಚಿಸಿದರೆ ಸುಮಾರು ಶೇಕಡ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂಬುದು ಬಿ.ಇ.ಇ.ಯ ಅಂದಾಜು. ತೇವ ತಗ್ಗಿದ ಕೋಣೆಯಲ್ಲಿ ಸೀಲಿಂಗ್ ಫ್ಯಾನಿನೊಂದಿಗೆ 26 ಡಿಗ್ರಿಯೂ ಹಿತಕರವಾಗಿರುತ್ತದೆ. ಮಳೆಗಾಲದಲ್ಲಿ ‘ಡ್ರೈ’ ವಿಧಾನವನ್ನು ಬಳಸಬಹುದು.

ಉಪ್ಪುಗಾಳಿಯ ಪರಿಣಾಮ

ಸಮುದ್ರತೀರದಲ್ಲಿ ಹವಾನಿಯಂತ್ರಕದ ಆಯುಷ್ಯವನ್ನು ನಿರ್ಧರಿಸುವುದು ಉಪ್ಪು. ತಾಮ್ರದ ಕೊಳವೆಗೆ ಅಲ್ಯೂಮಿನಿಯಂ ರೆಕ್ಕೆಗಳು ತಾಗಿರುವ ಕಡೆ ಉಪ್ಪುನೀರು ಕುಳಿತರೆ, ಎರಡು ಲೋಹಗಳ ನಡುವಿನ ವಿದ್ಯುತ್ ರಾಸಾಯನಿಕ ಕ್ರಿಯೆಯಿಂದ ಅಲ್ಯೂಮಿನಿಯಂ ಪುಡಿಯಾಗುತ್ತದೆ. ಕಬ್ಬಿಣದ ಆಧಾರಪಟ್ಟಿ ಮತ್ತು ಬೋಲ್ಟುಗಳು ತುಕ್ಕು ಹಿಡಿಯುತ್ತವೆ. ಇದನ್ನು ತಡೆಯಲು ಅನುಸರಿಸುವ ಕ್ರಮಗಳು:

- ತುಕ್ಕುನಿರೋಧಕ ಲೇಪನವಿರುವ ಸುರುಳಿಯನ್ನು ಆರಿಸುವುದು.
- ಹೊರಘಟಕವನ್ನು ಸಮುದ್ರಕ್ಕೆ ಎದುರಾದ ಪಶ್ಚಿಮದ ಗೋಡೆಗೆ ಬದಲಾಗಿ ಪೂರ್ವ ಅಥವಾ ಉತ್ತರದ ಮರೆಯಲ್ಲಿ ಇರಿಸುವುದು. ಇದರಿಂದ ನೈಋತ್ಯ ಮಾರುತದ ಉಪ್ಪಿನ ಜೊತೆಗೆ ಸಂಜೆಯ ಬಿಸಿಲೂ ತಪ್ಪುತ್ತದೆ.
- ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟುಗಳನ್ನು ಬಳಸುವುದು.
- ವಿದ್ಯುತ್ ಸಂಪರ್ಕ ತೆಗೆದು, ಹೊರಗಿನ ಸುರುಳಿಯನ್ನು ಆಗಾಗ ಸಿಹಿನೀರಿನಿಂದ ಮೆಲ್ಲಗೆ ತೊಳೆಯುವುದು.

ಅಳವಡಿಕೆ ಮತ್ತು ಸುರಕ್ಷತೆ

ಹವಾನಿಯಂತ್ರಕಕ್ಕೆ ಪ್ರತ್ಯೇಕ ವಿದ್ಯುತ್ ಮಾರ್ಗ, ಎಂ.ಸಿ.ಬಿ. ಮತ್ತು ಸರಿಯಾದ ಅರ್ತಿಂಗ್ ಇರಬೇಕು. ಹಳೆಯ ಮನೆಗಳಲ್ಲಿ ಮಂಜೂರಾದ ವಿದ್ಯುತ್ ಹೊರೆ ಸಾಲದಿದ್ದರೆ, ಉಡುಪಿ ಜಿಲ್ಲೆಗೆ ವಿದ್ಯುತ್ ಪೂರೈಸುವ ಮೆಸ್ಕಾಂನಲ್ಲಿ ಅದನ್ನು ಹೆಚ್ಚಿಸಿಕೊಳ್ಳಬೇಕಾಗುತ್ತದೆ. ವೋಲ್ಟೇಜ್ ಏರಿಳಿತವು ಯಂತ್ರದ ಮಿತಿಯನ್ನು ಮೀರುವ ಕಡೆ ಸ್ಟೆಬಿಲೈಸರ್ ಅಗತ್ಯ. ಮುಂಗಾರುಪೂರ್ವ ಗುಡುಗುಸಿಡಿಲಿನ ವೇಳೆ ಸಂಪರ್ಕವನ್ನು ಸಂಪೂರ್ಣ ತೆಗೆಯುವುದು ಸುರಕ್ಷಿತ. ಹೊರಘಟಕದ ವಿದ್ಯುನ್ಮಾನ ಫಲಕದೊಳಗೆ ಹಲ್ಲಿ, ಇರುವೆಗಳು ಸೇರದಂತೆ ತಂತಿಯ ರಂಧ್ರಗಳನ್ನು ಮುಚ್ಚಬೇಕು.

ಕೊಳವೆಗಳನ್ನು ಜೋಡಿಸಿದ ನಂತರ ನಿರ್ವಾತ ಪಂಪಿನಿಂದ ಒಳಗಿನ ಗಾಳಿ ಮತ್ತು ತೇವವನ್ನು ತೆಗೆಯುವುದು ಅವಶ್ಯ. ತೇವ ಉಳಿದರೆ ಕಂಪ್ರೆಸರ್ ಬೇಗ ಕೆಡುತ್ತದೆ. ನೀರು ಹೊರಹೋಗುವ ಕೊಳವೆಯು ಎಲ್ಲಿಯೂ ಮೇಲೇರದೆ ಇಳಿಜಾರಾಗಿರಬೇಕು. ಕರಾವಳಿಯಲ್ಲಿ ಅದರಲ್ಲಿ ಪಾಚಿ ಬೆಳೆದು ನೀರು ಒಳಗೆ ಸುರಿಯುವುದು ಸಾಮಾನ್ಯ. ಹೊರಘಟಕಕ್ಕೆ ದುರಸ್ತಿಗಾರರು ಅಪಾಯವಿಲ್ಲದೆ ತಲುಪುವಂತಿರಬೇಕು.

ಶೀತಕಗಳು

ಓಜೋನ್ ಪದರಕ್ಕೆ ಹಾನಿಕರವಾದ ಆರ್-22 ಶೀತಕದ ಬಳಕೆಯನ್ನು 1987ರ ಮಾಂಟ್ರಿಯಲ್ ಒಪ್ಪಂದದ ಮೇರೆಗೆ ಹಂತಹಂತವಾಗಿ ಕೈಬಿಡಲಾಗುತ್ತಿದೆ. ಅದರ ಬದಲಿಗೆ ಬಂದ ಆರ್-410ಎ ಓಜೋನ್‌ಗೆ ನಿರಪಾಯಕಾರಿ. ಆದರೆ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 2,088 ಪಟ್ಟು ಭೂತಾಪ ಹೆಚ್ಚಿಸಬಲ್ಲದು. ಇತ್ತೀಚಿನ ಯಂತ್ರಗಳಲ್ಲಿರುವ ಆರ್-32ಕ್ಕೆ ಈ ಸೂಚ್ಯಂಕ 675. ಆರ್-290 ಎಂಬ ಪ್ರೊಪೇನ್ ಅನಿಲಕ್ಕೆ ಇದು ಅತ್ಯಲ್ಪ. ಆರ್-32 ಅಲ್ಪ ಪ್ರಮಾಣದಲ್ಲಿ, ಆರ್-290 ಹೆಚ್ಚಾಗಿ ಉರಿಯುವ ಗುಣವುಳ್ಳವು. ಆದ್ದರಿಂದ ಅವುಗಳ ದುರಸ್ತಿ ತರಬೇತಾದವರಿಂದಲೇ ಆಗಬೇಕು. ಶೀತಕವು ಬಳಕೆಯಿಂದ ಖರ್ಚಾಗುವ ವಸ್ತುವಲ್ಲ. ವರ್ಷವರ್ಷವೂ ‘ಗ್ಯಾಸ್’ ತುಂಬಿಸಬೇಕಾಗಿ ಬಂದರೆ ಎಲ್ಲೋ ಸೋರಿಕೆಯಿದೆ ಎಂದರ್ಥ. ಮೊದಲು ಸೋರಿಕೆಯನ್ನು ಸರಿಪಡಿಸಬೇಕು.

ಇವನ್ನೂ ನೋಡಿ

- ಗುಪ್ತೋಷ್ಣ
- ಸಾಪೇಕ್ಷ ಆರ್ದ್ರತೆ
- ಮಂಗಳೂರು ಹಂಚು
- ಮಾಂಟ್ರಿಯಲ್ ಒಪ್ಪಂದ